ಭೂಸಂರಕ್ಷಣೆಯ ಸಹಾಯಧನ ಮತ್ತು ಅಚೌರ್ಯಾಣುವ್ರತ

ಅದತ್ತಾದಾನವೇ, ಅಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದೇ, ಚೌರ್ಯವೆಂಬುದು ಜೈನಾಚಾರ್ಯರ ನಿರ್ವಚನ. ಇದರಲ್ಲಿ ಬೀಗ ಒಡೆಯುವ ಮಾತಿಲ್ಲ, ಕತ್ತಲೆಯ ಮಾತಿಲ್ಲ, ಬಲಾತ್ಕಾರದ ಮಾತೂ ಇಲ್ಲ. ಒಂದು ವಸ್ತು ತನಗೆ ಕೊಡಲ್ಪಟ್ಟಿದೆಯೇ ಇಲ್ಲವೇ ಎಂಬ ಪ್ರಶ್ನೆ ಮಾತ್ರ ಇದೆ. ಗೃಹಸ್ಥನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಇದೇ ಅತಿ ಸುಲಭವಾದುದೆಂಬ ಭಾವನೆ ಸಾಮಾನ್ಯವಾಗಿದೆ. ವ್ಯಾಪಾರದಲ್ಲಿ ತೂಕ ಸರಿಯಾಗಿದ್ದರೆ, ಸಾಲವನ್ನು ಕಾಲಕ್ಕೆ ತೀರಿಸಿದರೆ, ಪರರ ಒಡವೆಗೆ ಕೈಹಾಕದಿದ್ದರೆ ವ್ರತ ಪಾಲನೆಯಾಯಿತೆಂದು ಶ್ರಾವಕರು ನೆಮ್ಮದಿಯಿಂದಿರುತ್ತಾರೆ. ಆದರೆ ಕೊಟ್ಟದ್ದು ಯಾರಿಗೆ, ಯಾವ ಕಾರ್ಯಕ್ಕೆ, ಯಾವ ಕರಾರಿನ ಮೇಲೆ ಎಂಬುದು ಅಸ್ಪಷ್ಟವಾಗಿರುವ ಹಣ ಕೈಗೆ ಬಂದಾಗ ಈ ನೆಮ್ಮದಿ ಪರೀಕ್ಷೆಗೊಳಗಾಗುತ್ತದೆ. ಹೊಲದ ಮಣ್ಣು, ನೀರು ಮತ್ತು ಮರಗಳ ರಕ್ಷಣೆಗೆಂದು ಸರಕಾರವು ಭೂಮಾಲೀಕರಿಗೆ ನೀಡುವ ಸಹಾಯಧನ ಅಂಥ ಹಣಗಳಲ್ಲಿ ಒಂದು. ಹೊಲವುಳ್ಳ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಇದರ ಬಗ್ಗೆ ವಿಚಾರ ಮಾಡಬೇಕಾದುದು ಅವಶ್ಯವಾಗಿದೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ ಮಳೆಯನ್ನೇ ನಂಬಿದ ಸೀಮೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಹದವಾಗಿ ಬೀಳುವುದಿಲ್ಲ. ಹೆಸರು ಬಿತ್ತುವ ಕಾಲಕ್ಕೆ ಮುಖ ತೋರಿಸದ ಮಳೆ ಆಮೇಲೆ ಒಂದೇ ರಾತ್ರಿ ಸುರಿದು ಎರೆ ಹೊಲದ ಮೇಲ್ಮಣ್ಣನ್ನು ಹೊತ್ತು ಹಳ್ಳ ಸೇರುತ್ತದೆ. ಕಪ್ಪತಗುಡ್ಡದ ಇಳಿಜಾರಿನ ಮಸಾರಿ ಹೊಲಗಳಲ್ಲಿ ಕೊರಕಲು ಬೀಳುವುದಕ್ಕೆ ಅಂಥ ಒಂದು ಮಳೆ ಸಾಕು. ಮುಂಡರಗಿಯ ಕಡೆಯ ಹಳ್ಳಗಳ ನೀರು ತುಂಗಭದ್ರೆಗೆ ಸೇರುತ್ತದೆ, ಅದರೊಡನೆ ಮಣ್ಣೂ ಹೋಗುತ್ತದೆ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲಲ್ಲಿ ಸುಮಾರು 133 ಟಿಎಂಸಿ ಇದ್ದುದು 2016ರ ಸಮೀಕ್ಷೆಯ ವೇಳೆಗೆ ಸುಮಾರು 105 ಟಿಎಂಸಿಗೆ ಇಳಿದಿತ್ತು. ಉಳಿದ ಸ್ಥಳವನ್ನು ಹೂಳು ಆಕ್ರಮಿಸಿದೆ. ಆ ಹೂಳೆಲ್ಲ ಈ ಸೀಮೆಯದಲ್ಲ, ಮೇಲಿನ ಅನೇಕ ಜಿಲ್ಲೆಗಳ ಮಣ್ಣು ಅದರಲ್ಲಿದೆ. ಆದರೆ ಈ ಸೀಮೆಯದೂ ಇದೆ. ಒಬ್ಬನ ಹೊಲದ ಒಡ್ಡು ಒಡೆದರೆ ನಷ್ಟ ಆ ಹೊಲದ ಎಲ್ಲೆಯಲ್ಲಿಯೇ ನಿಲ್ಲದೆ ಬಳ್ಳಾರಿ, ರಾಯಚೂರಿನ ನಾಲೆಗಳ ಕೊನೆಯ ರೈತನವರೆಗೆ ಹೋಗುತ್ತದೆಂಬುದನ್ನು ಈ ಅಂಕಿಗಳು ತಿಳಿಸುತ್ತವೆ. ಜೀವಗಳು ಒಂದಕ್ಕೊಂದು ಉಪಕಾರಕವಾಗಿವೆ ಎಂಬ ತತ್ತ್ವವನ್ನು ಲಾಂಛನದಲ್ಲಿ ಧರಿಸಿರುವ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾರಣದಿಂದಲೇ ಸರಕಾರ ಖಾಸಗಿ ಹೊಲದ ಮಣ್ಣಿನ ವಿಷಯದಲ್ಲಿ ಕೈಹಾಕುತ್ತ ಬಂದಿದೆ. ಇದು ಹೊಸತೇನೂ ಅಲ್ಲ. ಈ ಭಾಗವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದಾಗ, 1942ರ ಭೂಅಭಿವೃದ್ಧಿ ಯೋಜನೆಗಳ ಕಾಯಿದೆಯ ಅನ್ವಯ ಸಮಪಾತಳಿ ಒಡ್ಡುಗಳನ್ನು ಹಾಕಿಸುವ ಕೆಲಸ ನಡೆಯಿತು. ಆಗ ವೆಚ್ಚದ ಒಂದು ಭಾಗವನ್ನು ಹೊಲದೊಡೆಯರಿಂದಲೇ ವಸೂಲು ಮಾಡುವ ಪದ್ಧತಿಯಿತ್ತು. ಕಾಲಾನಂತರ ಲೆಕ್ಕ ತಿರುಗಿತು, ಹೊಲದೊಡೆಯನಿಗೇ ಸರಕಾರ ಕೊಡತೊಡಗಿತು. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆಯ ನಂತರದ ಹಂತದಲ್ಲಿ ಗದಗ ಜಿಲ್ಲೆ ಸೇರಿತ್ತು. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಕೃಷಿ ಹೊಂಡ, ಅದಕ್ಕೆ ಹೊದಿಸುವ ಪಾಲಿಥೀನ್ ಹಾಳೆ, ನೀರೆತ್ತುವ ಪಂಪು ಮುಂತಾದವುಗಳಿಗೆ ಸಾಮಾನ್ಯ ವರ್ಗದ ರೈತರಿಗೆ ಶೇಕಡಾ 80, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇಕಡಾ 90ರಷ್ಟು ಸಹಾಯಧನವನ್ನು ಗೊತ್ತುಪಡಿಸಿತು. ನಡುವೆ ಕೆಲವು ವರ್ಷ ನಿಂತಿದ್ದ ಈ ಯೋಜನೆಯನ್ನು 2023-24ರಲ್ಲಿ ಮತ್ತೆ ಆರಂಭಿಸಲಾಯಿತು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ಹೊಲದಲ್ಲಿ ನೆಟ್ಟ ಸಸಿ ಬದುಕಿದ್ದರೆ, ದರಗಳ ಪರಿಷ್ಕರಣೆಯಾದ ಮೇಲೆ, ಮೊದಲನೆಯ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ ಸಲ್ಲುತ್ತದೆ. ನೂರು ಸಸಿಗಳು ಮೂರು ವರ್ಷ ಬದುಕಿದರೆ 12,500 ರೂಪಾಯಿ.

ಇಂಥ ಹಣ ಭೂಮಾಲೀಕನ ಆದಾಯವೇ, ಅಥವಾ ಮಣ್ಣಿನ ಹೆಸರಿನಲ್ಲಿ ಅವನ ಬಳಿ ಇಟ್ಟ ನ್ಯಾಸವೇ ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಈ ನೆಲದ ಕಲ್ಲುಗಳೇ ಉತ್ತರ ಹೇಳುತ್ತವೆ. ಮುಳಗುಂದದ 902ರ ಶಾಸನವು ಅಲ್ಲಿಯ ಜಿನಾಲಯಕ್ಕೆ ಭೂಮಿಯನ್ನು ಕೊಟ್ಟುದನ್ನು ದಾಖಲಿಸಿದೆ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಶಾಸನ 1007ರದು. ಪುಲಿಗೆರೆಯೆಂದು ಹೆಸರಾಗಿದ್ದ ಲಕ್ಷ್ಮೇಶ್ವರದ ಶಂಖಬಸದಿಗೆ ಸಂದ ದತ್ತಿಗಳು ಹಲವು. ಇಂಥ ದತ್ತಿಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವೊಂದಿದೆ. ಭೂಮಿ ಎಷ್ಟು, ಅದರ ಎಲ್ಲೆ ಯಾವುದು, ಯಾರ ಕೈಗೆ ಕೊಟ್ಟದ್ದು ಎಂದು ಹೇಳಿದ ಮೇಲೆ ಯಾವುದಕ್ಕೆ ಕೊಟ್ಟದ್ದೆಂಬುದನ್ನು ಬರೆಯುತ್ತಾರೆ. ದೇವರ ಪೂಜೆಗೆ, ಋಷಿಯರ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. ಕೊನೆಗೆ ದತ್ತಿಯನ್ನು ಅಪಹರಿಸಿದವನಿಗೆ ಶಾಪ. ಭೂಮಿಯನ್ನು ಕೈಯಲ್ಲಿ ಪಡೆದ ಆಚಾರ್ಯನು ಅದರ ಒಡೆಯನಾಗಲಿಲ್ಲ, ನಿರ್ದಿಷ್ಟ ಕಾರ್ಯಕ್ಕೆ ಅದನ್ನು ಸಲ್ಲಿಸುವವನಾದನು. ಇಂದಿಗೂ ಬಸದಿಯ ಲೆಕ್ಕಪತ್ರದಲ್ಲಿ ದೇವದ್ರವ್ಯದ ಒಂದು ರೂಪಾಯಿಯನ್ನು ಅನ್ಯಕಾರ್ಯಕ್ಕೆ ಬಳಸಲು ಧರ್ಮದರ್ಶಿಗಳು ಅಂಜುತ್ತಾರೆ, ಅಂಜಬೇಕಾದುದೇ. ಅದೇ ಟ್ರಸ್ಟಿನ ಹೊಲದಲ್ಲಿ ಸಸಿ ಬೆಳೆಸಲೆಂದು ಬಂದ ಹಣ ವಾರ್ಷಿಕೋತ್ಸವದ ಚಪ್ಪರಕ್ಕೋ ಗೋಪುರದ ಬಣ್ಣಕ್ಕೋ ಹೋದರೆ ಮಾತ್ರ ಯಾರ ಮನಸ್ಸೂ ಅಳುಕುವುದಿಲ್ಲ. ಕಾರ್ಯ ಪವಿತ್ರವಾದುದೆಂಬ ಸಮಾಧಾನ ಇಲ್ಲಿ ನಿಲ್ಲಲಾರದು. ಜೀರ್ಣೋದ್ಧಾರದ ದತ್ತಿಯನ್ನು ಆಹಾರದಾನಕ್ಕೆ ತಿರುಗಿಸಲೂ ಹಿಂದಿನವರು ಅವಕಾಶ ಕೊಡಲಿಲ್ಲವೆಂಬುದನ್ನು ನೆನೆಯಬೇಕು. ಒಪ್ಪಿಸಿದ ನ್ಯಾಸವನ್ನು ನುಂಗುವುದಕ್ಕೆ ನ್ಯಾಸಾಪಹಾರವೆಂದು ಹೆಸರಿಟ್ಟು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಇಟ್ಟವನೇ ಮರೆತು ಕಡಿಮೆ ಕೇಳಿದರೂ ಪೂರ್ತಿ ಲೆಕ್ಕ ಹೇಳುವುದು ಇಟ್ಟುಕೊಂಡವನ ಧರ್ಮವೆಂದು ಅದರ ವಿವರಣೆ. ಸರಕಾರವೂ ಅನೇಕ ವೇಳೆ ಮರೆಯುವ ಧಣಿಯೇ.

ವಿಷಯ ಇನ್ನೂ ಕಠಿಣವಾಗುವುದು ಹೊಲದೊಡೆಯ ಒಬ್ಬ, ಉಳುವವ ಇನ್ನೊಬ್ಬನಾದಾಗ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬೆಟಗೇರಿಯಲ್ಲಿ ಅಂಗಡಿಯಿರುವ ಒಂದು ಕುಟುಂಬಕ್ಕೆ ಮುಂಡರಗಿಯ ಕಡೆ ಆರು ಎಕರೆ ಹೊಲವಿದೆ. ಅಜ್ಜನ ಕಾಲದಲ್ಲಿ ಮನೆಯವರೇ ಕಮತ ಮಾಡಿಸುತ್ತಿದ್ದರು. ಈಗ ಹೊಲವನ್ನು ಹತ್ತಿರದ ಊರಿನ ಒಬ್ಬ ರೈತನಿಗೆ ಲಾವಣಿಗೆ ಕೊಟ್ಟಿದ್ದಾರೆ. ಎಕರೆಗೆ ಇಷ್ಟೆಂದು ಯುಗಾದಿಗೆ ಹಣ ಮುಟ್ಟಬೇಕು, ಬೆಳೆ ಬಂದರೂ ಬಾರದಿದ್ದರೂ. ಪಹಣಿಯಲ್ಲಿ ಹೆಸರು ಮಾಲೀಕರದು, ಆದ್ದರಿಂದ ಸಹಾಯಧನದ ಅರ್ಜಿಯೂ ಅವರದೇ, ಬ್ಯಾಂಕಿನ ಖಾತೆಯೂ ಅವರದೇ. ಹೊಂಡ ಮಂಜೂರಾಗುತ್ತದೆ, ಯಂತ್ರ ಬಂದು ಎರಡು ದಿನದಲ್ಲಿ ತೋಡಿ ಹೋಗುತ್ತದೆ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವೆಂದರೆ ಬಾಯಿಯೊಂದೇ ನಾಲ್ಕೂವರೆ ಗುಂಟೆಯಷ್ಟಾಯಿತು. ತೆಗೆದ ಮಣ್ಣಿನ ದಿಬ್ಬ, ಸುತ್ತಲಿನ ದಾರಿ ಸೇರಿದರೆ ಏಳೆಂಟು ಗುಂಟೆ ಬಿತ್ತನೆಗೆ ಇಲ್ಲವಾಗುತ್ತದೆ. ಯುಗಾದಿಗೆ ಹಣ ಕೊಡಲು ಬಂದ ಲಾವಣಿದಾರ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಸಾವ್ಕಾರ್ರ, ಹೊಂಡದಾಗ ಹೋದ ಜಾಗಕ್ಕೂ ಲಾವಣಿ ಕೊಡಬೇಕೇನ್ರಿ?" ಎಂದು ಕೇಳುತ್ತಾನೆ.

ಆ ಪ್ರಶ್ನೆಗೆ ಅಂಗಡಿಯಲ್ಲಿ ದೊರೆಯುವ ಉತ್ತರ ಹೆಚ್ಚಾಗಿ ನಗು. ಮರು ವರ್ಷ ಹೊಂಡದಲ್ಲಿ ನೀರು ನಿಂತರೆ ನಗುವೂ ಇರುವುದಿಲ್ಲ. ಈಗ ಹೊಲಕ್ಕೆ ನೀರಿನ ಅನುಕೂಲವಾಗಿದೆಯೆಂದು ಎಕರೆಗೆ ಲಾವಣಿ ಏರುತ್ತದೆ. ಲೆಕ್ಕವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಸಾರ್ವಜನಿಕರ ಹಣದಿಂದ ಹೊಂಡವಾಯಿತು. ಮಾಲೀಕನ ಹೊಲದ ಬೆಲೆ ಏರಿತು. ಹೊಂಡದ ಹೂಳು ತೆಗೆಯುವವನು, ಹರಿದ ಹಾಳೆಗೆ ತೇಪೆ ಹಾಕುವವನು, ಒಡ್ಡಿನ ಬಿರುಕಿಗೆ ಅಡ್ಡಮಳೆಯಲ್ಲಿ ಕಲ್ಲು ಜೋಡಿಸುವವನು ಲಾವಣಿದಾರ. ಅವನು ಬಿತ್ತಲಾರದ ಏಳೆಂಟು ಗುಂಟೆಗೆ ಹಣ ತೆರುತ್ತಾನೆ, ತಾನೇ ಕಾದ ನೀರಿಗೆ ಹೆಚ್ಚಿನ ಹಣ ತೆರುತ್ತಾನೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾವ ಕಾನೂನನ್ನೂ ಈ ಏರಿಕೆಗಾಗಿ ಮುರಿಯಲಿಲ್ಲ. ಆದರೂ ಲಾವಣಿದಾರನ ಶ್ರಮವಾಗಲಿ, ಆ ಏಳೆಂಟು ಗುಂಟೆಯ ಹುಟ್ಟುವಳಿಯಾಗಲಿ ಮಾಲೀಕನಿಗೆ ಕೊಡಲ್ಪಟ್ಟುವೇ? ಕೊಡಲಿಲ್ಲ, ಬೇರೆ ದಾರಿಯಿಲ್ಲದೆ ಬಿಟ್ಟವು. ಅದತ್ತಾದಾನದ ನಿರ್ವಚನ ಇಂಥ ಸ್ಥಳದಲ್ಲಿ ತನ್ನ ನಿಜವಾದ ಅಂಚನ್ನು ತೋರಿಸುತ್ತದೆ.

ಲಾವಣಿದಾರನ ಹೆಸರು ಕಾಗದದಲ್ಲಿ ಏಕಿಲ್ಲವೆಂಬುದಕ್ಕೂ ಇತಿಹಾಸವಿದೆ. 1974ರ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನೇ ನಿಷೇಧಿಸಿತು. ಅದರಿಂದಲೂ 1977ರ ಇನಾಮು ರದ್ದತಿ ಕಾಯಿದೆಯಿಂದಲೂ ಅನೇಕ ಬಸದಿ, ಮಠ, ದೇವಸ್ಥಾನಗಳ ಭೂಮಿ ಉಳುವವರಿಗೆ ಸೇರಿತು. ಆ ನೆನಪು ಟ್ರಸ್ಟುಗಳಲ್ಲಿ ಇನ್ನೂ ಹಸಿಯಾಗಿದೆ. ಉಳಿದ ಎರಡು ಮೂರು ಎಕರೆಯನ್ನು ಲಾವಣಿಗೆ ಕೊಟ್ಟಿದ್ದರೂ ಅದನ್ನು ಬಾಯಿಮಾತಿನಲ್ಲಿಯೇ ಇಡುತ್ತಾರೆ, ಬರೆದರೆ ಹೊಲ ಹೋದೀತೆಂಬ ಭಯ. ಭಯವನ್ನು ಹಗುರಾಗಿ ಕಾಣಬಾರದು, ನಿತ್ಯಪೂಜೆಯ ಎಣ್ಣೆ ಆ ಹೊಲದಿಂದ ಬರುವ ಬಸದಿಗಳಿವೆ. ಆದರೆ ಕಾನೂನು ಗೇಣಿಯನ್ನು ನಿಷೇಧಿಸಿದ್ದು ಉಳುವವನ ರಕ್ಷಣೆಗಾಗಿ. ಆ ನಿಷೇಧವನ್ನು ನೆವ ಮಾಡಿಕೊಂಡು ಉಳುವವನನ್ನು ಲೆಕ್ಕದಿಂದಲೇ ಅಳಿಸುವುದು ವಿಪರ್ಯಾಸ. ವಿರುದ್ಧರಾಜ್ಯಾತಿಕ್ರಮ, ಎಂದರೆ ರಾಜ್ಯದ ನಿಯಮವನ್ನು ಲಾಭಕ್ಕಾಗಿ ಮೀರುವುದು, ಅಚೌರ್ಯವ್ರತದ ಅತಿಚಾರವೆಂದು ಬಲ್ಲ ಶ್ರಾವಕರು ಈ ಬಾಯಿಮಾತಿನ ಲಾವಣಿಯನ್ನು ಎಲ್ಲಿ ಇಡುತ್ತಾರೆಂಬುದು ಕಷ್ಟದ ಪ್ರಶ್ನೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ಅವಕಾಶವಾಗಿರುವುದರಿಂದ ಪೇಟೆಯಲ್ಲಿದ್ದು ಹೊಲ ಹೊಂದುವವರ ಸಂಖ್ಯೆ ಏರುವುದೇ ಹೊರತು ಇಳಿಯದು. ಪರಿಗ್ರಹ ಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳನ್ನು ಹೇಳುವಾಗ ಚಿನ್ನ ಬೆಳ್ಳಿಗಳಿಗಿಂತಲೂ ಮೊದಲು ಕ್ಷೇತ್ರವನ್ನು, ಅಂದರೆ ಹೊಲವನ್ನು, ಹೆಸರಿಸಿರುವುದು ಸುಮ್ಮನೆ ಅಲ್ಲವೆಂದು ಕಾಣುತ್ತದೆ.

ಇನ್ನು ಹೊಂಡದ ಅಹಿಂಸೆಯ ವಿಚಾರ. ಗೃಹಸ್ಥನ ಕೃಷಿಯಲ್ಲಿ ಹಿಂಸೆ ಇದ್ದೇ ಇದೆ. ಆದಿನಾಥನು ಅಸಿ, ಮಸಿ, ಕೃಷಿ ಮೊದಲಾದ ಆರು ಕರ್ಮಗಳನ್ನು ಪ್ರಜೆಗಳಿಗೆ ಕಲಿಸಿದನೆಂಬ ಪರಂಪರೆ ಅದನ್ನು ಉದ್ಯೋಗೀ ಹಿಂಸೆಯೆಂದು ಒಪ್ಪಿಕೊಂಡೇ ಮುಂದುವರಿಯಿತು. ಮೇಲೆ ಹೇಳಿದ ಅಳತೆಯ ಒಂದು ಹೊಂಡಕ್ಕೆ, ಇಳಿಜಾರು ಗೋಡೆಗಳನ್ನು ಲೆಕ್ಕ ಹಿಡಿದರೂ, ಎಂಟುನೂರು ಘನಮೀಟರಿಗಿಂತ ಹೆಚ್ಚು ಮಣ್ಣನ್ನು ಮೇಲೆತ್ತಬೇಕು. ಪೃಥ್ವೀಕಾಯ ಜೀವಗಳ, ಆ ಮಣ್ಣನ್ನಾಶ್ರಯಿಸಿದ ಎರೆಹುಳು, ಇರುವೆ, ಏಡಿಗಳ ಹಾನಿಯನ್ನು ಯಾರು ಎಣಿಸಬಲ್ಲರು? ಎಂಟು ಲಕ್ಷ ಲೀಟರಿನಷ್ಟು ನೀರು ನಿಂತು, ಕಡಲೆ ಒಣಗುವ ಹೊತ್ತಿಗೆ ಒಂದು ಹಾಯಿಸುವಿಕೆಗೆ ಒದಗಿದರೆ, ಕೊಳವೆ ಬಾವಿ ಕೊರೆಯುವುದು ತಪ್ಪಿದರೆ, ಮಣ್ಣು ಕೊಚ್ಚಿಹೋಗುವುದು ನಿಂತರೆ ಆ ಹಿಂಸೆಗೆ ಪ್ರಯೋಜನದ ಸಮರ್ಥನೆ ಇದೆ. ಆದರೆ ನೀರು ಹರಿದು ಬಾರದ ಮೂಲೆಯಲ್ಲಿ, ಬಿಲ್ಲು ಆಗಲಿ ಎಂದು ಮಾತ್ರ ತೋಡಿಸಿದ ಹೊಂಡದ ಗತಿಯೇನು? ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನು, ನೀರು ಚೆಲ್ಲುವುದನ್ನು, ಗಿಡ ಕಡಿಯುವುದನ್ನು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬರಿದಾದ ಕೃಷಿ ಹೊಂಡ ಅನರ್ಥದಂಡಕ್ಕೆ ಇಂದಿನ ಕಾಲ ಒದಗಿಸಿದ ಉದಾಹರಣೆ. ಅದರಿಂದ ಹಣ ಬಂದುದು ಪ್ರಯೋಜನವಲ್ಲವೇ ಎಂದು ವಾದಿಸುವವರಿದ್ದಾರೆ. ಹಾಗಾದರೆ ಹಿಂಸೆಯಿಂದಲೇ ಹಣ ಬಂದಂತಾಯಿತು, ಅದು ಇನ್ನೂ ಕೆಳಗಿನ ಮೆಟ್ಟಿಲು.

ನೀರು ತುಂಬಿದ ಹೊಂಡದಲ್ಲಿಯೂ ಅಪಾಯವಿದೆ. ಪಾಲಿಥೀನ್ ಹೊದಿಸಿದ ಗೋಡೆ ಜಾರುತ್ತದೆ. ಒಳಗೆ ಬಿದ್ದ ಕುರಿ, ಕರು, ನಾಯಿ, ಕೃಷ್ಣಮೃಗ ಮೇಲೆ ಬರಲಾರದು. ಮಕ್ಕಳು ಮುಳುಗಿದ ಸುದ್ದಿಗಳು ರಾಜ್ಯದ ನಾನಾ ಕಡೆಗಳಿಂದ ಪದೇ ಪದೇ ಪತ್ರಿಕೆಗಳಲ್ಲಿ ಬಂದಿವೆ. ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ನೆರವು ಸೇರಿರುವುದು ಈ ಕಾರಣದಿಂದಲೇ. ಆದರೂ ಬೇಲಿಗೆ ಕೈಯಿಂದ ಹಾಕಬೇಕಾದ ಪಾಲನ್ನು ಉಳಿಸಲು ಎಷ್ಟೋ ಹೊಂಡಗಳು ಬಯಲಾಗಿಯೇ ಉಳಿಯುತ್ತವೆ. ಸಂಜೆಯ ಮೇಲೆ ಊಟ ಮಾಡದ, ನೀರನ್ನು ಸೋಸಿ ಕುಡಿಯುವ ಮನೆತನವೊಂದರ ಹೊಲದಲ್ಲಿ ಬೇಲಿಯಿಲ್ಲದ ಹೊಂಡ ಇದ್ದರೆ, ಅಲ್ಲಿ ಯತ್ನಾಚಾರ ಮನೆಯ ಹೊಸ್ತಿಲಿನಲ್ಲಿಯೇ ನಿಂತಿತೆಂದು ಹೇಳಬೇಕಾಗುತ್ತದೆ. ನಾಲ್ಕು ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟರೂ ಒಂದು ಜೀವ ಉಳಿದೀತು. ಅದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಡ.

ಕಾಗದದ ಮೇಲಿನ ಹೊಂಡ, ಹಳೆಯ ಹೊಂಡಕ್ಕೆ ಹೊಸ ಛಾಯಾಚಿತ್ರ, ಅಳತೆಯಲ್ಲಿ ಏರುಪೇರು, ಇವು ಕೂಟಲೇಖಕ್ರಿಯೆ ಮತ್ತು ಹೀನಾಧಿಕಮಾನೋನ್ಮಾನಗಳೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲವಾದ್ದರಿಂದ ಹೆಚ್ಚು ಬರೆಯುವುದು ಅನಾವಶ್ಯಕ. ಎಲ್ಲರೂ ಮಾಡುತ್ತಾರೆಂಬ ಮಾತು ವ್ರತಧಾರಿಯ ಬಾಯಲ್ಲಿ ಬರಬಾರದು.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದಿದೆ. ಹಣ ಪಡೆದು ಮಾಡಿದ ಮರಗಿಡಗಳ ರಕ್ಷಣೆಯಲ್ಲಿ ಧರ್ಮವೆಲ್ಲಿ ಬಂತು? ಸಸಿಯೊಂದಕ್ಕೆ ಇಷ್ಟೆಂದು ಎಣಿಸಿಕೊಂಡವನ ದಯೆ ಕೂಲಿಯಲ್ಲವೇ? ಫಲಾಪೇಕ್ಷೆಯಾದ ನಿದಾನವು ವ್ರತಿಯನ್ನು ಚುಚ್ಚುವ ಮೂರು ಶಲ್ಯಗಳಲ್ಲಿ ಒಂದಾಗಿರುವುದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಣಕ್ಕಾಗಿ ಮಾಡಿದ್ದು ಹಣ ನಿಂತೊಡನೆ ನಿಲ್ಲುತ್ತದೆಂಬುದಕ್ಕೆ ಹೊರದೇಶದ ಸಾಕ್ಷ್ಯವೂ ಇದೆ. ಅಮೆರಿಕದಲ್ಲಿ 1985ರ ಕಾಯಿದೆಯಿಂದ ಆರಂಭವಾದ ಒಂದು ಯೋಜನೆಯಂತೆ, ಸವಕಳಿಗೀಡಾಗುವ ಹೊಲವನ್ನು 10ರಿಂದ 15 ವರ್ಷ ಬಿತ್ತದೆ ಹುಲ್ಲು ಮರಗಳಿಗೆ ಬಿಟ್ಟ ಭೂಮಾಲೀಕರಿಗೆ ಸರಕಾರ ವರ್ಷ ವರ್ಷ ಬಾಡಿಗೆ ಕೊಡುತ್ತದೆ. 2007ರಲ್ಲಿ 3.6 ಕೋಟಿ ಎಕರೆಗೂ ಹೆಚ್ಚು ಭೂಮಿ ಅದರಲ್ಲಿತ್ತು. ಧಾನ್ಯದ ಬೆಲೆ ಏರಿತು, ಸರಕಾರವೂ ಮಿತಿಯನ್ನು ಇಳಿಸಿತು, 2016ರ ಹೊತ್ತಿಗೆ ಉಳಿದದ್ದು ಸುಮಾರು 2.4 ಕೋಟಿ ಎಕರೆ. ಹೊರಬಿದ್ದ ಭೂಮಿಯ ಬಹುಭಾಗ ನೇಗಿಲಿಗೆ ಮರಳಿತು. ಈ ಸೀಮೆಯಲ್ಲಿಯೂ ಯೋಜನೆಯ ಕಾಲದಲ್ಲಿ ಹಾಕಿದ ಒಡ್ಡನ್ನು ಎರಡು ಸಾಲು ಹೆಚ್ಚು ಬಿತ್ತುವ ಆಸೆಗೆ ಟ್ರ್ಯಾಕ್ಟರ್ ಹಾಯಿಸಿ ಸಮ ಮಾಡುವವರನ್ನು ಕಾಣಬಹುದು. ಸಸಿಗೆ ಪ್ರೋತ್ಸಾಹಧನ ಮೂರು ವರ್ಷ, ನಾಲ್ಕನೆಯ ವರ್ಷ ಎಣಿಸಲು ಯಾರೂ ಬರುವುದಿಲ್ಲ.

ಆದರೆ ಇದರಿಂದ ಹಣವೇ ಪಾಪವೆಂದಾಗಲಿ, ಬಡ ರೈತನೂ ಉಚಿತವಾಗಿ ಒಡ್ಡು ಕಟ್ಟಲೆಂದಾಗಲಿ ಹೇಳುವುದು ಅನ್ಯಾಯವಾಗುತ್ತದೆ. ಎರಡು ಎಕರೆಯವನು ಒಂದು ಸುಗ್ಗಿಯ ಹೆಸರನ್ನು ಕಳೆದುಕೊಂಡರೆ ಮುಂದಿನ ಬೀಜಕ್ಕೆ ಸಾಲ ಮಾಡುತ್ತಾನೆ. ಅವನ ಹೊಲದ ಮಣ್ಣು ಉಳಿದರೆ ಲಾಭ ಅನೇಕರಿಗೆ, ಆದ್ದರಿಂದ ವೆಚ್ಚವನ್ನು ಅನೇಕರು ಹೊರುವುದು ನ್ಯಾಯ. ಸಹಾಯಧನ ಹುಟ್ಟಿದ್ದೇ ಈ ನ್ಯಾಯದಿಂದ. ಹಣ ಪಡೆದುದರಿಂದ ಭಾವ ಕೆಡಲೇಬೇಕೆಂದಿಲ್ಲ. ಬಸದಿಯ ಅರ್ಚಕರು ಸಂಬಳ ಪಡೆದರೂ ಅವರ ಪೂಜೆ ಪೂಜೆಯೇ. ಭಾವವನ್ನು ಪರೀಕ್ಷಿಸುವುದು ನಾಲ್ಕನೆಯ ವರ್ಷ.

ಹಣವಿಲ್ಲದೆಯೂ ಸಹಿಸುವವರ ಉದಾಹರಣೆ ದೂರದಲ್ಲಿಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ನೀರಾವರಿಗೆಂದು ಕಟ್ಟಿದ ಈ ಕೆರೆ 2024ರಲ್ಲಿ ರಾಮ್ಸಾರ್ ತಾಣವೆಂದು ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ಹಕ್ಕಿಗಳು ಹಗಲು ಕೆರೆಯಲ್ಲಿದ್ದು ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ನೋಡಲು ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಬೆಳಗ್ಗೆ ಹೊಲಕ್ಕೆ ಹೋದವನು ಕತ್ತರಿಸಿದ ಎಳೆಯ ಪೈರನ್ನು ನೋಡುತ್ತಾನೆ. ಜೀವದಯೆಯ ಹೆಸರಿನಲ್ಲಿ ಪಾರಿವಾಳಗಳಿಗೆ ಜೋಳ ಚೆಲ್ಲುವ ಪೇಟೆಯ ಸಂಘಗಳು ಈ ಹೊಲಗಳ ನಷ್ಟದಲ್ಲಿ ಕೊಂಚ ಪಾಲುಗೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ ಉತ್ತರ ಕಷ್ಟ.

ಉಳ್ಳವರು ಸಹಾಯಧನವನ್ನು ಬಿಡಬೇಕೇ ಎಂಬುದು ಬೇರೆಯೇ ಮಾತು. 2015ರಲ್ಲಿ ಅಡುಗೆ ಅನಿಲದ ಸಬ್ಸಿಡಿಯನ್ನು ಬಿಟ್ಟುಕೊಡುವಂತೆ ಕೇಂದ್ರ ಸರಕಾರ ಕೇಳಿದಾಗ ಸುಮಾರು ಒಂದು ವರ್ಷದಲ್ಲಿ ಒಂದು ಕೋಟಿ ಕುಟುಂಬಗಳು ಬಿಟ್ಟವು. ಜೈನ ಕುಟುಂಬಗಳೂ ಅವರಲ್ಲಿ ಇದ್ದವು. ಹೊಲದ ಹಣದ ವಿಷಯದಲ್ಲಿ ಬಿಡುವುದೇ ಸದಾ ಉತ್ತಮವಲ್ಲ. ಬಿಟ್ಟು ಒಡ್ಡನ್ನೂ ಬಿಟ್ಟರೆ ಮಣ್ಣಿಗೆ ಏನು ಬಂತು? ಹೊಂಡದ ಖರ್ಚನ್ನು ತಾನೇ ಹೊರಬಲ್ಲ ವ್ಯಾಪಾರಿ ತನ್ನ ಅರ್ಜಿಯನ್ನು ಹಿಂತೆಗೆದು, ಪಕ್ಕದ ಸಣ್ಣ ಹಿಡುವಳಿಯವನ ಕಾಗದಪತ್ರಗಳನ್ನು ಸರಿಪಡಿಸಿ ಕೊಟ್ಟರೆ ಅದು ದಾನದ ಒಂದು ಬಗೆ. ಪಡೆದುಕೊಂಡವನಿಗೆ ಮಾತ್ರ ಪಡೆದುದರ ಲೆಕ್ಕ ತಪ್ಪದು.

ಟ್ರಸ್ಟುಗಳ ಮಟ್ಟಿಗೆ ಕೆಲಸ ಅಷ್ಟು ಕಠಿಣವಲ್ಲ. ಜಲಾನಯನ ಕಾಮಗಾರಿಯಲ್ಲಿ ದಿನ್ನೆಯಿಂದ ಹಳ್ಳದವರೆಗೆ ಸಾಲಾಗಿ ಒಡ್ಡು ಹಾಕುವಾಗ ಟ್ರಸ್ಟಿನ ಸರ್ವೆ ನಂಬರೂ ಅದರಲ್ಲಿ ಬರುತ್ತದೆ. ಆ ಒಡ್ಡಿನ ಕಾವಲು ಯಾರದೆಂದು ಆಗಲೇ ಗೊತ್ತುಪಡಿಸಬಹುದು. ಹೊಲದ ಹೆಸರಿನಲ್ಲಿ ಬಂದ ಹಣಕ್ಕೆ ಖಾತೆಪುಸ್ತಕದಲ್ಲಿ ಪ್ರತ್ಯೇಕ ಪುಟ ತೆರೆದು, ಅದನ್ನು ಹೊಲಕ್ಕೇ ಖರ್ಚು ಮಾಡಿ, ಉಳುವವನಿಗೆ ಒಡ್ಡು ದುರಸ್ತಿಯ, ಸಸಿ ಕಾಯುವ ಕೂಲಿಯೆಂದು ಪಾವತಿ ಬರೆದು ಕೊಟ್ಟರೆ ಯಾವ ಕಾನೂನಿನ ಭಯವೂ ಇಲ್ಲ. ಒಡ್ಡು, ಹೊಂಡಗಳಲ್ಲಿ ಹೋದ ಗುಂಟೆಗಳನ್ನು ಅಳೆದು ಕೊಡುವ ಹಣದಲ್ಲಿ ವಜಾ ಮಾಡುವುದಕ್ಕೆ ಹತ್ತು ನಿಮಿಷದ ಲೆಕ್ಕ ಸಾಕು. ಸಹಾಯಧನದಿಂದಾದ ಸುಧಾರಣೆಯ ನೆಪದಲ್ಲಿ ಲಾವಣಿ ಏರಿಸುವುದಿಲ್ಲವೆಂಬ ಒಂದು ಠರಾವನ್ನೂ ವಾರ್ಷಿಕ ಸಭೆ ಮಾಡಬಹುದು. ಸಭೆಗೆ ಹೊಲ ಮಾಡುವವನನ್ನೂ ಕರೆದು ಕುಳ್ಳಿರಿಸಬೇಕು, ಅಂಗಳದಲ್ಲಿ ಅಲ್ಲ, ಚಾಪೆಯ ಮೇಲೆ. ಕಳೆದ ಮಳೆಗೆ ಒಡ್ಡು ಎಲ್ಲಿ ಒಡೆಯಿತು, ನೆಟ್ಟ ಬೇವು ಹೊಂಗೆಗಳಲ್ಲಿ ಎಷ್ಟು ನಿಂತಿವೆ, ಹೊಂಡದ ಯಾವ ಕಡೆ ಬೇಲಿ ಬಿದ್ದಿದೆ ಎಂದು ಕೇಳಿದರೆ ಅವನು ಹೇಳುತ್ತಾನೆ. ಆಮೇಲೆ ಅಂದಾಜುಪತ್ರಿಕೆ ಮಾಡಬಹುದು.